ನಾಲ್ಕು ತಾಲೂಕು, ಒಂದು ಚೌಕ

ಮಳೆಯನ್ನು ಲೆಕ್ಕ ಹಾಕಿ ಹೇಳಬಹುದೆಂಬ ವಿಚಾರಕ್ಕೆ ನೂರು ವರ್ಷ ದಾಟಿದೆ. ಗಾಳಿಯೂ ನೀರಿನಂತೆ ಹರಿಯುವ ವಸ್ತು. ಹರಿವಿನ ಸಮೀಕರಣಗಳು ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಿದ್ದರೂ ಅವನ್ನು ನೇರವಾಗಿ ಬಿಡಿಸಲು ಆಗುತ್ತಿರಲಿಲ್ಲ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಒಂದು ದಾರಿ ತೋರಿಸಿದ: ನಕ್ಷೆಯನ್ನು ಚೌಕಗಳಾಗಿ ಭಾಗಿಸಿ, ಪ್ರತಿ ಚೌಕದ ಗಾಳಿ ಮತ್ತು ಒತ್ತಡವನ್ನು ಅಕ್ಕಪಕ್ಕದ ಚೌಕಗಳ ಅಂಕಿಗಳಿಂದ ಹಂತಹಂತವಾಗಿ ಲೆಕ್ಕ ಹಾಕುವುದು. ಆರು ಗಂಟೆಗಳ ಹವಾಮಾನಕ್ಕೆ ಅವನು ವಾರಗಟ್ಟಲೆ ಕೈಲೆಕ್ಕ ಮಾಡಿದ. ಉತ್ತರ ಪೂರಾ ತಪ್ಪಿತು, ದಾರಿ ಉಳಿಯಿತು.

ಆ ದಾರಿಗೆ ಬೇಕಾದ ಯಂತ್ರ ನಮ್ಮಲ್ಲಿ ತಯಾರಾದದ್ದು ಬೆಂಗಳೂರಿನಲ್ಲಿ. ಹರಿವಿನ ವಿಜ್ಞಾನಿ ರೊದ್ದಂ ನರಸಿಂಹ 1984ರಲ್ಲಿ ಅಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾದರು. ವಿಮಾನದ ಸುತ್ತಲಿನ ಗಾಳಿಯ ಹರಿವನ್ನು ಲೆಕ್ಕ ಹಾಕಲು ದೊಡ್ಡ ಕಂಪ್ಯೂಟರ್ ಬೇಕಿತ್ತು. ಅಮೆರಿಕದ ರಫ್ತು ನಿರ್ಬಂಧಗಳಿಂದಾಗಿ ಅಂಥದ್ದು ಸುಲಭಕ್ಕೆ ಸಿಗುತ್ತಿರಲಿಲ್ಲ. 1986ರಲ್ಲಿ ಯು. ಎನ್. ಸಿನ್ಹಾ ಅವರ ತಂಡ ಸಾಧಾರಣ ಮೈಕ್ರೊಪ್ರೊಸೆಸರ್‌ಗಳನ್ನೇ ಜೋಡಿಸಿ ‘ಫ್ಲೋಸಾಲ್ವರ್’ ಕಟ್ಟಿತು. ಲೆಕ್ಕವನ್ನು ಪಾಲು ಮಾಡಿ ಪ್ರತಿ ಪ್ರೊಸೆಸರ್‌ಗೂ ಹಂಚುವುದು, ಪಾಲುಗಳು ಸೇರುವ ಗಡಿಯ ಅಂಕಿಗಳನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳುವುದು ಅದರ ಕ್ರಮ. ಮುಂದೆ ಇದೇ ಸಾಲಿನ ಯಂತ್ರಗಳ ಮೇಲೆ ‘ವರ್ಷ’ ಎಂಬ ಹವಾಮಾನ ಮಾದರಿಯೂ ಓಡಿತು.

ಈ ಇತಿಹಾಸವನ್ನು ಕೊಪ್ಪಳದಿಂದ ಓದಿದರೆ ಯಂತ್ರದ ವೇಗಕ್ಕಿಂತ ಚೌಕದ ಅಳತೆ ಮುಖ್ಯವಾಗಿ ಕಾಣುತ್ತದೆ. ಒಂದು ಚೌಕಕ್ಕೆ ಒಂದೇ ಅಂಕಿ. 1990ರ ದಶಕದಲ್ಲಿ ದೇಶದ ಮುನ್ಸೂಚನಾ ಮಾದರಿಯ ಚೌಕ ಸುಮಾರು 150 ಕಿ.ಮೀ. ಅಗಲವಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಅಂಥ ಒಂದೇ ಚೌಕದಲ್ಲಿ ಹಿಡಿಸುತ್ತವೆ. ಗಂಗಾವತಿಯ ಭತ್ತದ ಗದ್ದೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಟು. ಅಲ್ಲಿ ವಾರದ ಮಳೆ ತಪ್ಪಿದರೂ ಬೆಳೆ ನಿಂತೀತು. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದಲ್ಲಿ ಮಿರಗದ ಮಳೆ ನಂಬಿ ಸಜ್ಜೆ ಬಿತ್ತಿದವನಿಗೆ ಅದೇ ವಾರ ಬೀಜ, ಗೊಬ್ಬರದ ಸಾಲದ ಪ್ರಶ್ನೆ. ಮುನ್ಸೂಚನೆ ಯಾರಿಗೆ ಹೆಚ್ಚು ಬೇಕೋ ಅವರ ಊರೇ ಆ ಸರಾಸರಿಯಲ್ಲಿ ಕರಗಿಹೋಗುತ್ತಿತ್ತು.

ಚೌಕ ಚಿಕ್ಕದು ಮಾಡುವುದು ದುಬಾರಿ ಕೆಲಸ. ಅಗಲ ಅರ್ಧಕ್ಕಿಳಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಕಾಲದ ಹಂತವನ್ನೂ ಅರ್ಧಕ್ಕಿಳಿಸಬೇಕು. ಅಲ್ಲಿಗೆ ಲೆಕ್ಕ ಎಂಟು ಪಟ್ಟು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನ ಚೌಕ 6 ಕಿ.ಮೀ. ಹಳೆಯ ಒಂದು ಚೌಕದ ಜಾಗದಲ್ಲಿ ಈಗ 625 ಚೌಕ. ಕುಷ್ಟಗಿಗೊಂದು ಅಂಕಿ, ಯಲಬುರ್ಗಾಕ್ಕೊಂದು ಅಂಕಿ ಈಗ ಸಾಧ್ಯ.

ಚೌಕ ಚಿಕ್ಕದಾದ ಮಾತ್ರಕ್ಕೆ ಅಂಕಿ ನಿಜವಾಗುವುದಿಲ್ಲ. ಲೆಕ್ಕ ಶುರುವಾಗುವುದು ನೆಲದ ಮೇಲೂ ಮುಗಿಲಲ್ಲೂ ಮಾಡಿದ ಅಳತೆಯಿಂದ. ಬಂದ ಉತ್ತರ ಸರಿಯೇ ಎಂದು ತಿಳಿಯುವುದೂ ಊರಿನ ಮಳೆಮಾಪಕದಿಂದಲೇ. ರಿಚರ್ಡ್‌ಸನ್ನನ ಲೆಕ್ಕ ಕೆಟ್ಟದ್ದೂ ಬಹುಪಾಲು ಮೊದಲ ಅಂಕಿಗಳಲ್ಲಿದ್ದ ಹೊಂದಾಣಿಕೆಯ ಕೊರತೆಯಿಂದ. “ನಮ್ಮ ಹೊಲಕ್ಕ ಮಳಿ ಯಾವಾಗ?” ಎನ್ನುವ ಕುಷ್ಟಗಿಯ ರೈತನಿಗೆ ಉತ್ತರ ಕೊಡಲು ಬೆಂಗಳೂರು, ಪುಣೆಯ ಯಂತ್ರಗಳಷ್ಟೇ ಅವನ ಊರಿನ ಮಳೆಮಾಪಕವೂ ಬೇಕು.