ಇಲ್ಲದ ಅಂಗದ ನೋವಿಗೆ ಮೆದುಳಿನ ಉದ್ದೀಪನ: ಚಿಕಿತ್ಸೆಯ ಇತಿಹಾಸ

ಕತ್ತರಿಸಿ ತೆಗೆದ ಕೈಯೋ ಕಾಲೋ ಇನ್ನೂ ಇದೆ ಎನಿಸಿ, ಅದರಲ್ಲೇ ಉರಿ, ಸೆಳೆತ, ಚುಚ್ಚು ಕಾಣಿಸಿಕೊಂಡರೆ ಅದು ಫ್ಯಾಂಟಮ್ ಲಿಂಬ್ ನೋವು. ಮುಷ್ಟಿ ಬಿಗಿದುಕೊಂಡಿದೆ, ಉಗುರು ಅಂಗೈಗೆ ನಾಟುತ್ತಿದೆ ಎನ್ನುವ ರೋಗಿಗಳಿದ್ದಾರೆ. ಬಿಡಿಸೋಣವೆಂದರೆ ಬೆರಳೇ ಇಲ್ಲ. 16ನೇ ಶತಮಾನದಲ್ಲೇ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ ಇದನ್ನು ಬರೆದಿಟ್ಟಿದ್ದ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ್ದ ಫಿಲಡೆಲ್ಫಿಯಾದ ವೈದ್ಯ ಸೈಲಸ್ ವಿಯರ್ ಮಿಚೆಲ್ 1871ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟ. 1866ರಲ್ಲಿ ಆತ ಹೆಸರು ಹಾಕದೆ ಒಂದು ಕಥೆಯನ್ನೂ ಪ್ರಕಟಿಸಿದ್ದ. ನಾಲ್ಕೂ ಕೈಕಾಲು ಕಳೆದುಕೊಂಡ ಅದರ ನಾಯಕ ನಿಜಕ್ಕೂ ಇದ್ದಾನೆಂದು ನಂಬಿದ ಓದುಗರು ಹಣ ಕಳಿಸಿದರಂತೆ.

ನೋವು ಎಲ್ಲಿದೆ ಎಂದು ಆಯಾ ಕಾಲದವರು ನಂಬಿದ್ದರೋ ಅಲ್ಲಿಗೇ ಚಿಕಿತ್ಸೆಯೂ ಹೋಯಿತು. ಮೊದಲು ಮೋಟಿನಲ್ಲಿದೆ ಎಂದುಕೊಂಡು ನರದ ತುದಿಯನ್ನು ಮತ್ತೆ ಮತ್ತೆ ಕತ್ತರಿಸಿದರು. 1967ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ನಾರ್ಮನ್ ಶೀಲಿ ಬೆನ್ನುಹುರಿಗೆ ವಿದ್ಯುತ್ ಹಾಯಿಸಿದ. 1970ರ ದಶಕದಲ್ಲಿ ತಂತಿ ಮೆದುಳಿನ ಆಳದ ಥಾಲಮಸ್ಸಿಗೆ ಇಳಿಯಿತು. ಉತ್ಸಾಹವೇನೋ ದೊಡ್ಡದಿತ್ತು. ಆದರೆ ನಾನಾ ಬಗೆಯ ದೀರ್ಘಕಾಲದ ನೋವಿಗೆ ಆಳದ ಉದ್ದೀಪನವನ್ನು ಪರೀಕ್ಷಿಸಿದ ಎರಡು ದೊಡ್ಡ ಅಮೆರಿಕನ್ ಪ್ರಯೋಗಗಳು ಒಂದು ವರ್ಷದ ಬಳಿಕ ಅರ್ಧದಷ್ಟು ರೋಗಿಗಳಿಗಾದರೂ ಅರ್ಧ ನೋವು ಇಳಿಯಬೇಕೆಂಬ ಗುರಿ ಮುಟ್ಟಲಿಲ್ಲ. ಈ ಫಲಿತಾಂಶ ಅಚ್ಚಾದದ್ದು 2001ರಲ್ಲಿ.

ಅಷ್ಟರಲ್ಲಿ ಜಪಾನಿನಿಂದ ವಿಚಿತ್ರ ಸುದ್ದಿ ಬಂದಿತ್ತು. 1991ರಲ್ಲಿ ತ್ಸುಬೊಕಾವಾ ಮತ್ತು ಸಂಗಡಿಗರು, ಪಾರ್ಶ್ವವಾಯುವಿನಂಥ ಹಾನಿಯಿಂದ ಮೆದುಳಿನಲ್ಲೇ ಹುಟ್ಟುವ ನೋವಿಗೆ, ಮೆದುಳಿನ ಮೇಲ್ಪದರದಲ್ಲಿ ಸ್ಪರ್ಶ ಅರಿಯುವ ಪಟ್ಟಿಯ ಬದಲು ಸ್ನಾಯು ಆಡಿಸುವ ಪಟ್ಟಿಯನ್ನು ಉದ್ದೀಪಿಸಿ ಉಪಶಮನ ಕಂಡರು. ನೋವಿಗೂ ಚಲನೆಗೂ ಎತ್ತಣ ನಂಟು? ಉತ್ತರ ಇನ್ನೂ ಪೂರ್ಣವಾಗಿಲ್ಲ. ತಲೆಬುರುಡೆ ತೆರೆದು, ಮೆದುಳಿನ ಹೊದಿಕೆಯ ಮೇಲೆ ಎಲೆಕ್ಟ್ರೋಡ್ ಪಟ್ಟಿ ಕೂರಿಸಿ, ಚರ್ಮದಡಿ ತಂತಿ ಎಳೆದು ಎದೆಯ ಬಳಿ ಬ್ಯಾಟರಿ ಇಡುವ ಈ ವಿಧಾನ ಮುಂದೆ ಫ್ಯಾಂಟಮ್ ನೋವಿಗೂ ಬಳಕೆಗೆ ಬಂತು.

ಬುರುಡೆ ತೆರೆಯದ ದಾರಿ 1985ರಲ್ಲೇ ಸಿಕ್ಕಿತ್ತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ತಂಡ ತಲೆಯ ಮೇಲೆ ತಂತಿಸುರುಳಿ ಹಿಡಿದು, ಕಾಂತಕ್ಷೇತ್ರದ ಮಿಡಿತದಿಂದಲೇ ಕೈ ಸ್ನಾಯು ಅದುರುವಂತೆ ಮಾಡಿತು. ಸುರುಳಿ ಟಕ್ ಎಂದಾಗ ಬೆರಳು ತಾನಾಗಿ ಜಿಗಿಯುತ್ತದೆ. ಕಾಲಿನ ಮಾತು ಬೇರೆ: ಅದನ್ನು ಆಡಿಸುವ ಮೆದುಳಿನ ಭಾಗ ಎರಡು ಅರೆಮೆದುಳುಗಳ ನಡುವಿನ ಸೀಳಿನೊಳಗೆ ಅಡಗಿದ್ದು, ಮಿಡಿತಕ್ಕೆ ಸುಲಭವಾಗಿ ಎಟುಕದು.

ಏನನ್ನು ಸರಿಪಡಿಸುತ್ತಿದ್ದೇವೆ ಎಂಬುದರಲ್ಲೇ ಜಗಳವಿದೆ. ಮೆದುಳಿನ ನಕ್ಷೆಯಲ್ಲಿ ಕಳೆದುಹೋದ ಕೈಯ ಜಾಗವನ್ನು ಪಕ್ಕದ ಭಾಗಗಳು ಒತ್ತುವರಿ ಮಾಡಿದಷ್ಟೂ ನೋವು ಹೆಚ್ಚು ಎಂದು 1995ರಲ್ಲಿ ಜರ್ಮನಿಯ ಹೆರ್ಟಾ ಫ್ಲೋರ್ ತಂಡ ತೋರಿಸಿತು. 2013ರಲ್ಲಿ ಟಮಾರ್ ಮಾಕಿನ್ ತಂಡ ಕಂಡದ್ದು ಹೆಚ್ಚುಕಡಿಮೆ ಉಲ್ಟಾ: ನೋವು ಜಾಸ್ತಿಯಿದ್ದವರಲ್ಲಿ ಆ ಕೈಯ ನಕ್ಷೆ ಚೆನ್ನಾಗಿಯೇ ಉಳಿದಿತ್ತು.

ಈ ಜಗಳದ ನಡುವೆಯೂ ಪ್ರಯೋಗಗಳು ನಿಲ್ಲಲಿಲ್ಲ. ಕೊಲಂಬಿಯಾದಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡ 54 ಮಂದಿಯ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಎರಡು ವಾರ, ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ ಕಾಂತೀಯ ಉದ್ದೀಪನ. 15 ದಿನಗಳ ಬಳಿಕ ನೋಡಿದರೆ, ನಿಜವಾದ ಮಿಡಿತ ಪಡೆದ 27 ಜನರಲ್ಲಿ 19 ಮಂದಿಗೆ ನೋವು ಗಮನಾರ್ಹವಾಗಿ ಇಳಿದಿತ್ತು; ಹುಸಿ ಚಿಕಿತ್ಸೆ ಪಡೆದ 27ರಲ್ಲೂ 11 ಮಂದಿಗೆ! 30ನೇ ದಿನಕ್ಕೆ ಎರಡು ಗುಂಪುಗಳ ಅಂತರ ಲೆಕ್ಕಕ್ಕೆ ಬರುವಷ್ಟು ಉಳಿಯಲಿಲ್ಲ.

ತಮಿಳುನಾಡು ಮೂಲದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ, ಉಳಿದ ಅಂಗದ ಪ್ರತಿಬಿಂಬವನ್ನು ಇಲ್ಲದ ಅಂಗವೆಂಬಂತೆ ತೋರಿಸುವ ಕನ್ನಡಿ ಪೆಟ್ಟಿಗೆಯನ್ನೂ, ನೆತ್ತಿಯ ಮೇಲಿನ ಒದ್ದೆ ಸ್ಪಂಜಿನ ಮೂಲಕ ಸಣ್ಣ ವಿದ್ಯುತ್ ಹಾಯಿಸುವ ವಿಧಾನವನ್ನೂ 112 ಜನರ ಮೇಲೆ ಜೊತೆಗೂಡಿಸಿ ನೋಡಿದ ಪ್ರಯೋಗ 2021ರಲ್ಲಿ ಬಂತು. ವಿದ್ಯುತ್ತಿನಿಂದ ನೋವು ಇಳಿಯಿತು. ಕನ್ನಡಿ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.