ಲಂಡನ್ ಪಟ್ಟಣದ ಹೊಗೆಯೂ ಹವೆಯೂ



ಬೇಸಗೆಯ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಬೆಂಗಳೂರಿನ ದೊಡ್ಡಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಹೊರಟು ಲಾಲ್‌ಬಾಗಿನ ಕಡೆಗೆ ನಡೆದು ಬಂದವರಿಗೆ ಒಂದು ಅನುಭವವು ಆಗಿದ್ದೀತು. ಪೇಟೆಯ ಗೋಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಇನ್ನೂ ಹೊರಕ್ಕೆ ಚೆಲ್ಲುತ್ತಿರುತ್ತವೆ. ತೋಟದ ಮರಗಳು ಸಮೀಪಿಸಿದೊಡನೆ ಮೈಗೆ ತಂಪು ತಗಲುತ್ತದೆ. ನಡುವಣ ದೂರ ಒಂದೆರಡು ಮೈಲಿ ಮಾತ್ರ. ಮೇಲಿನ ಆಕಾಶ ಒಂದೇ, ಬೆಳಗಿದ ಸೂರ್ಯನೂ ಒಬ್ಬನೇ. ಹೀಗಿರುವಾಗ ಈ ಭೇದವು ಎಲ್ಲಿಂದ ಬಂದಿತು? ಮನುಷ್ಯನು ಪಟ್ಟಣವನ್ನು ಕಟ್ಟುವಾಗ, ತಾನರಿಯದಂತೆಯೇ ಅದಕ್ಕೊಂದು ಪ್ರತ್ಯೇಕವಾದ ಹವೆಯನ್ನೂ ಕಟ್ಟಿಬಿಡುತ್ತಾನೆ. ಈ ಸಂಗತಿಯು ಅಂಕಿಗಳಿಂದ ಸ್ಥಾಪಿತವಾದುದು ಲಂಡನ್ ನಗರದಲ್ಲಿ. ಆ ನಗರವು ತನ್ನ ಹವೆಯನ್ನು ಹೇಗೆ ಕೆಡಿಸಿಕೊಂಡಿತು, ಕೆಟ್ಟುದನ್ನು ತಿಳಿದ ಮೇಲೂ ಸರಿಪಡಿಸಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಈ ಸಂಜೆ ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಇಂಗ್ಲೆಂಡಿನಲ್ಲಿ ಊರುಗಳು ಬೆಳೆದು ಸೌದೆಯು ತುಟ್ಟಿಯಾದಂತೆ ಜನರು ಕಲ್ಲಿದ್ದಲಿನ ಕಡೆಗೆ ತಿರುಗಿದರು. ಅದು ಉತ್ತರದ ನ್ಯೂಕಾಸಲ್ ಸೀಮೆಯಿಂದ ಹಡಗುಗಳಲ್ಲಿ ಬರುತ್ತಿದ್ದಿತು; ಲಂಡನ್ನಿನವರು ಅದನ್ನು ‘ಕಡಲ ಇದ್ದಲು’ ಎಂದು ಕರೆಯುತ್ತಿದ್ದರು. ಅದರ ಹೊಗೆಯ ಕಾಟವನ್ನು ತಾಳಲಾರದೆ 1306 ರಲ್ಲಿ ದೊರೆ ಒಂದನೆಯ ಎಡ್ವರ್ಡನು ಕುಶಲಕರ್ಮಿಗಳು ಅದನ್ನು ಕುಲುಮೆಗಳಲ್ಲಿ ಉರಿಸಕೂಡದೆಂದು ಆಜ್ಞೆ ಮಾಡಿದನು. ಆಜ್ಞೆಯು ಕಾಗದದಲ್ಲಿ ಉಳಿಯಿತು. ಇದ್ದಲು ಒಲೆಯಲ್ಲಿ ಉರಿಯಿತು. ಬಡವನಿಗೆ ಚಳಿಗಾಲದಲ್ಲಿ ಬೇರೆ ಗತಿ ಇರಲಿಲ್ಲ.

ಮೂರೂವರೆ ಶತಮಾನಗಳ ತರುವಾಯ, 1661 ರಲ್ಲಿ, ಜಾನ್ ಈವ್ಲಿನ್ ಎಂಬ ವಿದ್ವಾಂಸನು ‘ಫ್ಯೂಮಿಫ್ಯೂಜಿಯಮ್’ ಎಂಬ ಚಿಕ್ಕ ಪುಸ್ತಕವೊಂದನ್ನು ಬರೆದು ಎರಡನೆಯ ಚಾರ್ಲ್ಸ್ ದೊರೆಗೆ ಒಪ್ಪಿಸಿದನು. ಅರಮನೆಯ ಒಳಕ್ಕೂ ಹೊಗೆ ನುಗ್ಗಿ ಜನರು ಒಬ್ಬರನ್ನೊಬ್ಬರು ಕಾಣಲಾರದಂತಾದುದನ್ನು ಆತನು ಕಣ್ಣಾರೆ ಕಂಡಿದ್ದನು. ಆತನು ಕೊಡುವ ಒಂದು ನಿದರ್ಶನವು ಬಹು ಸ್ವಾರಸ್ಯವಾಗಿದೆ. ಅಂತರ್ಯುದ್ಧದ ಕಾಲದಲ್ಲಿ ನ್ಯೂಕಾಸಲ್ ಪಟ್ಟಣಕ್ಕೆ ಮುತ್ತಿಗೆ ಬಿದ್ದು ಇದ್ದಲಿನ ಸಾಗಾಣಿಕೆ ನಿಂತುಹೋದಾಗ, ಲಂಡನ್ನಿನ ನಡುವೆಯೇ ಇದ್ದ ಹಣ್ಣಿನ ತೋಟಗಳು ಹಿಂದೆಂದೂ ಕಾಣದಷ್ಟು ಫಲ ಬಿಟ್ಟವಂತೆ. ಹೊಗೆಯು ನಿಂತುದರಿಂದ ಗಿಡಗಳು ಚಿಗುರಿದುವು ಎಂಬುದು ಆತನ ವಾದ. ಅತಿಯಾಗಿ ಇದ್ದಲು ಉರಿಸುವ ಕಸಬುಗಳನ್ನು ನದಿಯ ಕೆಳಗಣ ದಿಕ್ಕಿಗೆ ಕೆಲವು ಮೈಲಿ ದೂರ ಸಾಗಿಸಿ, ಊರಿನ ಸುತ್ತ ಸುಗಂಧದ ಗಿಡಗಳನ್ನು ಬೆಳೆಸಬೇಕೆಂದು ಆತನು ಸಲಹೆ ಕೊಟ್ಟನು. ದೊರೆಯು ಮೆಚ್ಚಿದನು, ಕಾರ್ಯವು ಮಾತ್ರ ನಡೆಯಲಿಲ್ಲ.

ಈವ್ಲಿನನು ಕಣ್ಣಿಗೆ ಕಂಡುದನ್ನು ಹೇಳಿದನು. ಕಣ್ಣಿಗೆ ಕಾಣದುದನ್ನು ಅಳೆದು ಹೇಳಿದವನು ಲ್ಯೂಕ್ ಹೊವರ್ಡ್. ಔಷಧಗಳನ್ನು ತಯಾರಿಸುವುದು ಆತನ ಉದ್ಯೋಗ; ಆಕಾಶವನ್ನು ನೋಡುವುದು ಆತನ ವ್ಯಸನ. ಮೋಡಗಳಿಗೆ ಇಂದಿಗೂ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಲ್ಯಾಟಿನ್ ಹೆಸರುಗಳನ್ನು 1802 ರಲ್ಲಿ ಸೂಚಿಸಿದವನು ಆತನೇ. ಈ ಗೃಹಸ್ಥನು ಲಂಡನ್ನಿನ ಹೊರಗಣ ಹಳ್ಳಿಗಳಲ್ಲಿ ಉಷ್ಣಮಾಪಕಗಳನ್ನಿಟ್ಟು, ದಿನ ತಪ್ಪದೆ ವರ್ಷಗಟ್ಟಲೆ ಅಂಕಿಗಳನ್ನು ಬರೆದಿಟ್ಟನು; ಅವನ್ನು ನಗರದ ನಡುವೆ ರಾಯಲ್ ಸೊಸೈಟಿಯವರು ಬರೆದಿಡುತ್ತಿದ್ದ ಅಂಕಿಗಳೊಡನೆ ಹೋಲಿಸಿ ನೋಡಿದನು. ಫಲಿತಾಂಶವು 1818 ಮತ್ತು 1820 ರಲ್ಲಿ ‘ಲಂಡನ್ನಿನ ಹವೆ’ ಎಂಬರ್ಥದ ಗ್ರಂಥವಾಗಿ ಎರಡು ಸಂಪುಟಗಳಲ್ಲಿ ಹೊರಬಂದಿತು. ರಾತ್ರಿಯ ವೇಳೆ ನಗರವು ಹಳ್ಳಿಗಿಂತ ಸರಾಸರಿ 3.70 ಫ್ಯಾರನ್‌ಹೀಟ್ ಡಿಗ್ರಿ, ಎಂದರೆ ಇಂದಿನ ಸೆಂಟಿಗ್ರೇಡ್ ಲೆಕ್ಕದಲ್ಲಿ ಸುಮಾರು ಎರಡು ಡಿಗ್ರಿ, ಹೆಚ್ಚು ಬೆಚ್ಚಗಿದ್ದಿತು. ಹಗಲಿನಲ್ಲಾದರೋ 0.34 ಡಿಗ್ರಿಯಷ್ಟು ತಂಪಾಗಿಯೇ ಇದ್ದಿತು.

ಇದರ ಕಾರಣಗಳನ್ನೂ ಹೊವರ್ಡನು ವಿಚಾರಿಸಿದನು. ಒಲೆ ಕುಲುಮೆಗಳ ಉರಿ ಒಂದು, ಜನಸಂದಣಿ ಒಂದು. ಎದುರುಬದುರಾಗಿ ನಿಂತ ಗೋಡೆಗಳು ಬಿಸಿಲನ್ನು ಹೀರಿ ಒಂದರ ಮೇಲೊಂದು ಹಾಯಿಸುತ್ತವೆ, ಬೀಸುವ ಗಾಳಿಯನ್ನೂ ತಡೆಯುತ್ತವೆ. ಇನ್ನು ಹಳ್ಳಿಯ ನೆಲ ಒದ್ದೆಯಾಗಿರುತ್ತದೆ. ಅದರ ನೀರು ಆವಿಯಾಗಿ ಏಳುವಾಗ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಪಟ್ಟಣದಲ್ಲಿ ಮಳೆಯ ನೀರು ಕಲ್ಲು ಹಾಸಿದ ಬೀದಿಯಿಂದ ಚರಂಡಿಗೆ ಹರಿದುಹೋಗುವುದರಿಂದ ಆ ಉಪಕಾರ ತಪ್ಪುತ್ತದೆ. ಎರಡು ಶತಮಾನಗಳ ವಿಜ್ಞಾನವು ಈ ಪಟ್ಟಿಗೆ ಬಹಳವನ್ನು ಸೇರಿಸಿದೆ, ಪಟ್ಟಿಯನ್ನು ಅಳಿಸಿಲ್ಲ.

ಇತ್ತ ಹೊಗೆಯು ಬೆಳೆಯುತ್ತಲೇ ಹೋಯಿತು. 1873 ರ ಡಿಸೆಂಬರಿನಲ್ಲಿ ದನಗಳ ಪ್ರದರ್ಶನಕ್ಕೆಂದು ತಂದಿದ್ದ ಕೊಬ್ಬಿದ ರಾಸುಗಳು ಮಂಜಿನಲ್ಲಿ ಉಸಿರುಕಟ್ಟಿ ಸತ್ತುವು. 1905 ರಲ್ಲಿ ಡೆ ವೋ ಎಂಬ ವೈದ್ಯನು ಹೊಗೆ, ಮಂಜು ಎಂಬರ್ಥದ ಎರಡು ಇಂಗ್ಲಿಷ್ ಶಬ್ದಗಳನ್ನು ಬೆಸೆದು ‘ಸ್ಮಾಗ್’ ಎಂಬ ಮಾತನ್ನು ಬಳಕೆಗೆ ತಂದನು. ಕಾನೂನುಗಳು ಇರಲಿಲ್ಲವೆ? ಇದ್ದುವು. 1853 ರ ಕಾನೂನು ಕಾರ್ಖಾನೆಯ ಕುಲುಮೆಗಳಿಗೂ ಥೇಮ್ಸ್ ನದಿಯ ಹೊಗೆಹಡಗುಗಳಿಗೂ ಕಟ್ಟು ಹಾಕಿತು. ಆದರೆ ಲಕ್ಷಾಂತರ ಮನೆಗಳ ಅಗ್ಗಿಷ್ಟಿಕೆಗಳನ್ನು ಅದು ಮುಟ್ಟಲಿಲ್ಲ. ಕಾರ್ಖಾನೆಯ ಹೊಗೆ ಅಪರಾಧ, ತನ್ನ ಮನೆಯ ಹೊಗೆ ಸಂಸಾರದ ಲಕ್ಷಣ ಎಂಬ ಭಾವನೆಯು ಜನರಲ್ಲಿ ಬೇರೂರಿದ್ದಿತು.

ಆ ಭಾವನೆಗೆ ತೆರಬೇಕಾದ ಬೆಲೆಯನ್ನು ಲಂಡನ್ 1952 ರ ಡಿಸೆಂಬರ್ 5 ರಿಂದ 9 ರವರೆಗೆ ತೆತ್ತಿತು. ಚಳಿ ಕಟುವಾಗಿದ್ದಿತು, ಜನರು ಇದ್ದಲನ್ನು ಹೆಚ್ಚಾಗಿ ಉರಿಸಿದರು. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತುದರಿಂದ, ಗಂಧಕದ ಆಮ್ಲದಿಂದ ಕೂಡಿದ ಹೊಗೆ ಮೇಲೇಳಲಾರದೆ ಊರಿನಲ್ಲಿಯೇ ನಿಂತಿತು. ಬಸ್ಸುಗಳ ಮುಂದೆ ಕಂಡಕ್ಟರುಗಳು ದೀಪ ಹಿಡಿದು ನಡೆದರು. ನಾಟಕಶಾಲೆಯೊಳಕ್ಕೆ ಮಂಜು ತುಂಬಿ ನಡೆಯುತ್ತಿದ್ದ ಸಂಗೀತನಾಟಕವು ನಿಂತುಹೋಯಿತು. ಎಷ್ಟು ಮಂದಿ ಸತ್ತರೆಂಬುದು ಆಗ ತಿಳಿಯಲಿಲ್ಲ. ಏಕೆಂದರೆ ಅವರು ಬೀದಿಯಲ್ಲಿ ಬೀಳಲಿಲ್ಲ, ತಮ್ಮ ತಮ್ಮ ಹಾಸಿಗೆಗಳಲ್ಲಿ ಕೆಮ್ಮಿ ಸತ್ತರು. ಮರಣದ ಲೆಕ್ಕಗಳನ್ನು ಕೂಡಿಸಿದಾಗ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತಿದ್ದರು. ಮುಂದಿನ ತಿಂಗಳುಗಳ ಸಾವುಗಳನ್ನು ಸರ್ಕಾರವು ಇನ್‌ಫ್ಲುಯೆಂಜಾ ರೋಗದ ಲೆಕ್ಕಕ್ಕೆ ಹಾಕಿತು. ಅವುಗಳಲ್ಲಿ ಬಹುಪಾಲು ಹೊಗೆಯದೇ ಎಂದೂ, ಒಟ್ಟು ಸಂಖ್ಯೆ 12,000 ದ ಹತ್ತಿರವೆಂದೂ ಈಚಿನ ಸಂಶೋಧಕರು ಅಂದಾಜು ಮಾಡಿದ್ದಾರೆ.

ಕೊನೆಗೆ 1956 ರಲ್ಲಿ ಶುದ್ಧವಾಯುವಿನ ಕಾನೂನು ಜಾರಿಗೆ ಬಂದಿತು. ಈ ಬಾರಿ ಕಾನೂನು ಮನೆಯ ಒಲೆಯವರೆಗೂ ಹೋಯಿತು. ಹೊಗೆಯಿಲ್ಲದ ವಿಭಾಗಗಳು ಏರ್ಪಟ್ಟುವು. ಒಲೆಗಳನ್ನು ಬದಲಾಯಿಸಿಕೊಳ್ಳಲು ಗೃಹಸ್ಥರಿಗೆ ಹಣದ ಸಹಾಯವೂ ದೊರೆಯಿತು. ಈವ್ಲಿನನು ಬರೆದ ಮೇಲೆ ಹೆಚ್ಚು ಕಡಮೆ ಮುನ್ನೂರು ವರ್ಷಗಳಿಗೆ ಆ ಕರಿಯ ಹೊಗೆಯು ತೆರಳತೊಡಗಿತು.

ಹೊಗೆ ತೆರಳಿತು, ಹೊವರ್ಡನು ಅಳೆದ ಬಿಸಿ ಮಾತ್ರ ಉಳಿಯಿತು. 1965 ರಲ್ಲಿ ಚಾಂಡ್ಲರ್ ಎಂಬ ಭೂಗೋಳಶಾಸ್ತ್ರಜ್ಞನು ಹೊವರ್ಡನ ಗ್ರಂಥದ ಹೆಸರನ್ನೇ ಇಟ್ಟು ಇನ್ನೊಂದು ಗ್ರಂಥವನ್ನು ಬರೆದು, ದಟ್ಟವಾಗಿ ಕಟ್ಟಿದ ಭಾಗಗಳಲ್ಲಿ ರಾತ್ರಿಯ ಬಿಸಿ ಕೂಡಿಕೊಳ್ಳುವುದನ್ನು ನಕ್ಷೆಗಳಿಂದ ತೋರಿಸಿದನು. ಒಲೆಯನ್ನು ಬದಲಾಯಿಸಬಹುದು, ಕಟ್ಟಿದ ಊರನ್ನು ಬದಲಾಯಿಸುವುದು ಸುಲಭವಲ್ಲ.

ನಮ್ಮ ಊರಿಗೂ ಈ ಕಥೆಗೂ ಇಲ್ಲಿಯೇ ಸಂಬಂಧ. ಬೆಂಗಳೂರಿನ ಹಿರಿಯರು ಕೆರೆಗಳನ್ನು ಕಟ್ಟಿದುದು ಕುಡಿಯುವ ನೀರಿಗೂ ಬೇಸಾಯಕ್ಕೂ. ಊರನ್ನು ತಂಪಾಗಿಡುವ ಕೆಲಸವನ್ನು ಅವು ಯಾರೂ ಕೇಳದೆಯೇ ಮಾಡುತ್ತಿದ್ದುವು. ಧರ್ಮಾಂಬುಧಿ ಕೆರೆಯಿದ್ದ ಕಡೆ ಇಂದು ಬಸ್ಸಿನ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದ ಕಡೆ ಕಂಠೀರವ ಕ್ರೀಡಾಂಗಣವಿದೆ. ಎರಡೂ ಊರಿಗೆ ಬೇಕಾದುವೇ. ಆದರೆ ಕೆರೆಯನ್ನು ಮುಚ್ಚಿದ ದಿನ ಅದರೊಡನೆ ಹೋದ ತಂಪನ್ನು ಯಾವ ಲೆಕ್ಕದ ಪುಸ್ತಕವೂ ಖರ್ಚು ಎಂದು ಬರೆದುಕೊಳ್ಳಲಿಲ್ಲ. ಕಣ್ಣು ಉರಿಸುವ ಹೊಗೆಯನ್ನು ಓಡಿಸಲು ಲಂಡನ್ನಿಗೆ ಮುನ್ನೂರು ವರ್ಷ ಬೇಕಾಯಿತು. ಬಿಸಿಯಾದರೋ ಕಣ್ಣಿಗೆ ಕಾಣದು. ಅದರ ಲೆಕ್ಕವನ್ನು ನಾವು ಈಗಲೇ ಇಡಲು ತೊಡಗಬೇಕು.