ಸೇವೆ ಅನ್ನೋ ಮಾತು, ಕೂಲಿ ಅನ್ನೋ ಲೆಕ್ಕ

ಆಸ್ಪತ್ರೆ ಅಂದ ಕೂಡಲೆ ಬಿಳಿ ಕೋಟಿನ ಡಾಕ್ಟರು ನೆನಪಾಗುತ್ತಾರೆ. ಬೆಡ್‌ಪ್ಯಾನ್ ಎತ್ತುವ ಆಯಾ, ರಕ್ತದ ಬಟ್ಟೆ ಒಗೆಯುವವನು, ಹೆಣದ ಗಾಡಿ ತಳ್ಳುವವನು ನೆನಪಾಗುವುದಿಲ್ಲ. ನಮ್ಮ ಕೇರಿಗಳಿಂದ ಆಸ್ಪತ್ರೆ ಕೆಲಸಕ್ಕೆ ಹೋದವರು ಹೆಚ್ಚಾಗಿ ಈ ನೆನಪಾಗದ ಜನ. ಇವರು ಕೂಲಿ ಜಾಸ್ತಿ ಕೇಳಿದಾಗೆಲ್ಲ ಮೇಲಿನವರ ಉತ್ತರ ಒಂದೇ: 'ಇದು ಸೇವೆ ಕಣಮ್ಮ, ವ್ಯಾಪಾರ ಅಲ್ಲ.'

ಇದೇ ಮಾತನ್ನು ಅಮೆರಿಕದ ಕಪ್ಪು ಹೆಂಗಸರಿಗೂ ಹೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಅಂತ ಹೆಸರಿಟ್ಟಿದ್ದು ಅಲ್ಲಿನ ಕಪ್ಪು ಜನರನ್ನು ನೋಡಿಯೇ. ಅವರ ಬಂಡಾಯದ ಹೆಸರನ್ನು ಬಲ್ಲ ನಾವು ಅವರ ಆಸ್ಪತ್ರೆ ಕೂಲಿಗಳ ಚರಿತ್ರೆಯನ್ನೂ ಓದಬೇಕು.

ನ್ಯೂಯಾರ್ಕಿನ ಔಷಧಿ ಅಂಗಡಿಗಳ ನೌಕರರು 1932ರಲ್ಲಿ ಒಂದು ಸಂಘ ಕಟ್ಟಿದರು. ಮುಂದೆ ಅದಕ್ಕೆ ನಂಬರೇ ಹೆಸರಾಯಿತು: ಲೋಕಲ್ 1199. ನಾಯಕ ಲಿಯಾನ್ ಡೇವಿಸ್, ರಷ್ಯಾದ ಕಡೆಯಿಂದ ವಲಸೆ ಬಂದ ಯಹೂದಿ. ಸದಸ್ಯರೂ ಬಹುಪಾಲು ಯಹೂದಿಗಳೇ. ಹಾರ್ಲೆಮ್ ಕಪ್ಪು ಜನರ ಕೇರಿ. ಅಲ್ಲಿನ ಔಷಧಿ ಅಂಗಡಿಗಳಲ್ಲಿ ಕಪ್ಪು ಜನ ಕಸ ಗುಡಿಸಬಹುದಿತ್ತು, ಔಷಧಿ ಅಳೆದು ಕೊಡುವ ಹಾಗಿರಲಿಲ್ಲ. ಇದನ್ನು ಓದಿದಾಗ ನಮಗೆ ನಮ್ಮೂರ ಹೋಟೆಲಿನ ಹೊರಗಿಟ್ಟ ಲೋಟ ನೆನಪಾಯಿತು. 1930ರ ದಶಕದಲ್ಲೇ ಈ ಸಂಘ ಹಾರ್ಲೆಮ್‌ನಲ್ಲಿ ಮುಷ್ಕರ ಹೂಡಿ, ಕಪ್ಪು ಫಾರ್ಮಸಿಸ್ಟರನ್ನು ಕೆಲಸಕ್ಕೆ ತೆಗೆದುಕೊಳ್ಳುವಂತೆ ಮಾಡಿತು.

ಆಮೇಲೆ ಸಂಘ ಆಸ್ಪತ್ರೆಗಳ ಕಡೆ ತಿರುಗಿತು. ಅಲ್ಲಿ ನೆಲ ಒರೆಸುವವರು, ಅಡಿಗೆಯವರು, ಬಟ್ಟೆ ಒಗೆಯುವವರು ಬಹುಪಾಲು ಕಪ್ಪು ಜನ ಮತ್ತು ಪೋರ್ಟೊರಿಕೊದಿಂದ ಬಂದವರು, ಅದರಲ್ಲೂ ಹೆಂಗಸರು. ಪೂರ್ತಿ ದಿನ ದುಡಿದೂ ಸಂಸಾರ ಸಾಕಲಾಗದೆ ಎಷ್ಟೋ ಜನ ಸರ್ಕಾರದ ಪರಿಹಾರಕ್ಕೆ ಕೈಯೊಡ್ಡುತ್ತಿದ್ದರು. ಕಾನೂನು ಏನು ಮಾಡುತ್ತಿತ್ತು? 1935ರ ಕಾಯ್ದೆ ಅಮೆರಿಕದ ಕಾರ್ಮಿಕರಿಗೆ ಸಂಘದ ಹಕ್ಕು ಕೊಟ್ಟಿತ್ತು. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಲಾಭಕ್ಕಲ್ಲದ ಆಸ್ಪತ್ರೆಗಳನ್ನು ಅದರಿಂದ ಹೊರಗಿಟ್ಟಿತು. ಕಾರಣ ಅದೇ ಹಳೇ ಮಾತು: ಇವು ಧರ್ಮಸಂಸ್ಥೆಗಳು.

ಇಲ್ಲೊಂದು ಲೆಕ್ಕ ಹಾಕಬೇಕು. ದಾನಿಯ ಹೆಸರು ಆಸ್ಪತ್ರೆ ಗೋಡೆಯ ಕಲ್ಲಿನ ಮೇಲೆ ಇರುತ್ತೆ. ಕೊಡಬೇಕಾದ ಕೂಲಿ ಕೊಡದೆ ಉಳಿಸಿದ ದುಡ್ಡೂ ಅದೇ ಆಸ್ಪತ್ರೆಗೆ ಹೋಗುತ್ತೆ. ಹಾಗಾದರೆ ನೆಲ ಒರೆಸುವವಳೂ ದಾನಿಯೇ. ಕೊಡ್ತೀಯಾ ಅಂತ ಅವಳನ್ನು ಯಾರೂ ಕೇಳಲಿಲ್ಲ, ಅಷ್ಟೇ.

1959ರ ಮೇ 8ರಂದು ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸುಮಾರು 3,500 ಜನ ಕೆಲಸ ಬಿಟ್ಟು ಬೀದಿಗೆ ಬಂದರು. ಮುಷ್ಕರ 46 ದಿನ ನಡೆಯಿತು. ಗಂಟೆಗೆ ಕನಿಷ್ಠ ಒಂದು ಡಾಲರ್, ವಾರಕ್ಕೆ 40 ಗಂಟೆ ಅಂತಾಯಿತು. ಸಂಘಕ್ಕೆ ಮಾತ್ರ ಮಾನ್ಯತೆ ಸಿಗಲಿಲ್ಲ. 1962ರಲ್ಲಿ ಮತ್ತೆ ಮುಷ್ಕರ, ಡೇವಿಸ್ ಜೈಲಿಗೆ ಹೋದರು. 1963ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಮಾಡಿ ನ್ಯೂಯಾರ್ಕ್ ನಗರದ ಈ ಕೂಲಿಗಳಿಗೆ ಸಂಘದ ಹಕ್ಕು ಕೊಡಬೇಕಾಯಿತು.

ಸುದ್ದಿ ದಕ್ಷಿಣಕ್ಕೆ ಹೋಯಿತು. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನ ಮೇರಿ ಮೌಲ್ಟ್ರಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ತಮ್ಮೂರಿಗೆ ಮರಳಿದಾಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅವರನ್ನು ದಾದಿಯೆಂದು ಒಪ್ಪದೆ ಸಹಾಯಕಿ ಮಾಡಿತು. ಅಲ್ಲಿ ಗಂಟೆಗೆ 1.30 ಡಾಲರ್. 1969ರ ಮಾರ್ಚ್‌ನಲ್ಲಿ ಸಂಘದ 12 ಜನರನ್ನು ಕೆಲಸದಿಂದ ತೆಗೆದರು. ನಾನೂರಕ್ಕೂ ಹೆಚ್ಚು ಜನ ಮುಷ್ಕರಕ್ಕಿಳಿದರು, ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಹೆಂಗಸರು. ಪ್ರೈಮರಿ ಓದೂ ಇಲ್ಲದವರ ಕೈಗೆ ಎರಡೂವರೆ ಕೋಟಿ ಡಾಲರಿನ ಆಸ್ಪತ್ರೆ ಒಪ್ಪಿಸೋದಿಲ್ಲ ಅಂದರು ಕಾಲೇಜಿನ ಮುಖ್ಯಸ್ಥರು. ಓದಲು ಬಿಡದವರೇ ಓದಿಲ್ಲ ಅಂತ ಹೀಯಾಳಿಸುವುದು ನಮಗೆ ಹೊಸದಲ್ಲ.

ಗವರ್ನರ್ ನ್ಯಾಷನಲ್ ಗಾರ್ಡ್ ಪಡೆ ಇಳಿಸಿದರು. ನೂರಾರು ಜನರನ್ನು ಬಂಧಿಸಿದರು. ಅದಕ್ಕೂ ಒಂದು ವರ್ಷದ ಹಿಂದೆ, 1968ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದಿದ್ದರು. ಅವರು ಆಗ ಮೆಂಫಿಸ್‌ಗೆ ಹೋಗಿದ್ದದ್ದು ಕಸ ಎತ್ತುವವರ ಮುಷ್ಕರಕ್ಕೆ. ಅವರ ಹೆಂಡತಿ ಕೊರೆಟ್ಟಾ ಕಿಂಗ್ ಚಾರ್ಲ್ಸ್‌ಟನ್‌ಗೆ ಬಂದು ಆಸ್ಪತ್ರೆ ಹೆಂಗಸರ ಜೊತೆ ನಡೆದರು. ನೂರು ದಿನದ ಸುಮಾರಿಗೆ ರಾಜಿಯಾಯಿತು. ತೆಗೆದ 12 ಜನ ವಾಪಸು ಬಂದರು, ಕೂಲಿ 1.60 ಡಾಲರಿಗೆ ಏರಿತು. ಸಂಘಕ್ಕೆ ಮಾನ್ಯತೆ ಸಿಗಲಿಲ್ಲ, ಅಲ್ಲಿನ ಶಾಖೆ ಬಹಳ ದಿನ ಬಾಳಲಿಲ್ಲ. ಈ ಸೋಲನ್ನೂ ಹೇಳಬೇಕು, ಮುಚ್ಚಿಡಬಾರದು. 1974ರಲ್ಲಿ ಅಮೆರಿಕದ ಸಂಸತ್ತು 1947ರ ಆ ವಿನಾಯಿತಿಯನ್ನು ಕಿತ್ತುಹಾಕಿತು.

ಈಗ ನಮ್ಮ ನೆಲಕ್ಕೆ ಬರೋಣ. 1970ರಲ್ಲಿ ನಮ್ಮ ಸುಪ್ರೀಂ ಕೋರ್ಟು ಸಫ್ದರ್‌ಜಂಗ್ ಆಸ್ಪತ್ರೆಯ ಕೇಸಿನಲ್ಲಿ, ಆಸ್ಪತ್ರೆ ಕೈಗಾರಿಕೆ ಅಲ್ಲ ಅಂದಿತ್ತು. ಅಂದರೆ ಅಲ್ಲಿನ ಕೂಲಿಗೆ ಲೇಬರ್ ಕೋರ್ಟಿನ ಬಾಗಿಲು ಇಲ್ಲ. ಅದನ್ನು ತೆರೆಸಿದ್ದು ಬೆಂಗಳೂರಿನವರು. ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ತನ್ನ ನೌಕರರಿಗೆ ದಂಡ ಹಾಕಿತು. ಎ. ರಾಜಪ್ಪ ಮತ್ತು ಇತರರು ಲೇಬರ್ ಕೋರ್ಟಿಗೆ ಹೋದರು. 'ನಾವು ಕೈಗಾರಿಕೆಯೇ ಅಲ್ಲ' ಅಂತು ಮಂಡಳಿ. 1978ರ ಫೆಬ್ರವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮುಖ್ಯ ತೀರ್ಪು ಬರೆದವರು ಕೃಷ್ಣ ಅಯ್ಯರ್. ಮಂಡಳಿಯಷ್ಟೇ ಅಲ್ಲ, ಆಸ್ಪತ್ರೆಯೂ ಕೈಗಾರಿಕೆಯೇ ಅಂತಾಯಿತು. ಯಜಮಾನ ಧರ್ಮ ಮಾಡುತ್ತಿದ್ದಾನೆ ಅಂದ ಮಾತ್ರಕ್ಕೆ ಕೂಲಿ ಪಡೆದು ದುಡಿಯುವವನ ಹಕ್ಕು ಹೋಗುವುದಿಲ್ಲ.

1982ರಲ್ಲೇ ಸಂಸತ್ತು ಆಸ್ಪತ್ರೆಗಳನ್ನು ಹೊರಗಿಡುವ ತಿದ್ದುಪಡಿ ಮಾಡಿತು. ಆ ಭಾಗ ಜಾರಿಗೆ ಬರಲಿಲ್ಲ. 2020ರಲ್ಲಿ ಒಪ್ಪಿಗೆಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ, ದತ್ತಿ ಮತ್ತು ಸಮಾಜಸೇವೆಯ ಸಂಸ್ಥೆಗಳು ನಡೆಸುವುದನ್ನು ಕೈಗಾರಿಕೆಯ ಲೆಕ್ಕದಿಂದ ಹೊರಗಿಟ್ಟಿದೆ. ಅಮೆರಿಕ 1974ರಲ್ಲಿ ಕಿತ್ತೆಸೆದ ಮಾತನ್ನು ನಾವು 46 ವರ್ಷದ ಮೇಲೆ ಕಾಯ್ದೆಯೊಳಗೆ ಬರೆದುಕೊಂಡಿದ್ದೇವೆ.

ಆದ್ದರಿಂದ ಮೇಷ್ಟ್ರುಗಳೆ, ವಿದ್ಯಾರ್ಥಿ ಗೆಳೆಯರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನೆಲ ಒರೆಸುವ ಅಕ್ಕನ ಹೆಸರು ಕೇಳಿ. ಅವಳ ಗುತ್ತಿಗೆದಾರ ಯಾರು, ಸಂಬಳದ ಚೀಟಿ ಕೊಡ್ತಾರಾ, ಪಿ.ಎಫ್. ಕಟ್ತಾರಾ ಕೇಳಿ. ಹತ್ತು ಜನ ಅಕ್ಕಂದಿರು ಒಂದು ಕಡೆ ಕೂತು ಈ ಮಾತಾಡಿದರೆ ಅದೇ ಸಂಘದ ಮೊದಲ ಸಭೆ. ಸೇವೆ ಮಾಡಬೇಡಿ ಅಂತ ನಾವು ಹೇಳ್ತಿಲ್ಲ. ಸೇವೆಗೆ ಕೂಲಿ ಕೊಡಿ ಅಂತಿದ್ದೇವೆ.